ಖಾರ ರುಚಿಯೇ ಅಲ್ಲ!

ಪ್ರಶ್ನೆ: ರೊಟ್ಟಿ ಜೊತೆ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ತಿಂದರೆ ಬಾಯಿ ಉರಿಯುತ್ತದೆ, ನೀರು ಕುಡಿದರೂ ಹೋಗಲ್ಲ. ಖಾರವೂ ಒಂದು ರುಚಿಯೇ ಅಲ್ವಾ?
— ಓದುಗರು, ಬಾಗಲಕೋಟೆ

ಉತ್ತರ: ಅಲ್ಲ, ಖಾರ ಅಂದರೆ ನೋವು. ನಾಲಿಗೆಯ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ, ಅಂದರೆ ಬಿಸಿಯನ್ನು ಗುರುತಿಸುವ ಬಾಗಿಲಿನಂಥ ಪ್ರೋಟೀನ್. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ತಾಗಿದರೆ ಅದು ತೆರೆದುಕೊಳ್ಳುತ್ತದೆ, ಕ್ಯಾಲ್ಸಿಯಂ ಮತ್ತು ಸೋಡಿಯಂ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಒಳನುಗ್ಗಿ ವಿದ್ಯುತ್ ಸಂಕೇತ ಹುಟ್ಟುತ್ತದೆ, ಅದು ಮುಖ, ಬಾಯಿಯ ನೋವನ್ನು ಒಯ್ಯುವ ಟ್ರೈಜೆಮಿನಲ್ ನರದ ಮೂಲಕ ಮಿದುಳಿಗೆ ಓಡುತ್ತದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಬಿಸಿಯೇ ಇಲ್ಲದೆ ಇದೇ ಗ್ರಾಹಕವನ್ನು ತೆರೆಯುತ್ತದೆ. ಮಿದುಳು ಬಾಯಿ ಸುಟ್ಟಿತು ಅಂತಲೇ ತಿಳಿದು ಬೆವರಿಳಿಸುತ್ತದೆ! ಎಷ್ಟು ಅದ್ಭುತ ನೋಡಿ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ತಂಡದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಗಟ್ಟಿ ಮೊಸರು ತಿನ್ನಿ, ಹಾಲಿನ ಪ್ರೋಟೀನ್ ಅದನ್ನು ಹಿಡಿದುಕೊಳ್ಳುತ್ತದೆ.