18 ತುಂಬಿತು, ಕೋವಿ ಕೊಡಬಹುದಾ?

ವಿರಾಜಪೇಟೆ ಹತ್ತಿರದ ತಾಯಿಯೊಬ್ಬರು ಬರೆದಿದ್ದಾರೆ: "ಹೋದ ತಿಂಗಳು ಮಗನಿಗೆ 18 ತುಂಬಿತು. ಇನ್ನು ಯಾವುದಕ್ಕೂ ನಿಮ್ಮನ್ನು ಕೇಳಬೇಕಾಗಿಲ್ಲ ಅನ್ನುತ್ತಾನೆ. ಪಿಕಪ್‌ನಲ್ಲಿ ಕಾಫಿ ಮೂಟೆ ತಾನೇ ಸಾಗಿಸುತ್ತಾನಂತೆ. ಕೈಲ್ ಮುಹೂರ್ತದ ಹಬ್ಬಕ್ಕೆ ಮುಂಚೆ ಅಜ್ಜನ ಕೋವಿ ತನ್ನ ಹೆಸರಿಗೆ ಬೇಕಂತೆ. ಕಾನೂನು ಏನು ಹೇಳುತ್ತದೆ?"

ಅಮ್ಮಾ, ನಿಮ್ಮ ಮಗ ಹೇಳಿದ್ದು ಅರ್ಧ ಸರಿ. 18 ತುಂಬಿದರೆ ವಯಸ್ಕ, ಇದು 1875ರ ಕಾಯ್ದೆಯ ಮಾತು. ಹಾಗಂತ ಎಲ್ಲ ಬೀಗದ ಕೈಗಳೂ ಒಂದೇ ದಿನ ಕೈಗೆ ಬರುವುದಿಲ್ಲ.

ಮೊದಲು ಕೋವಿ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ವಿನಾಯಿತಿ ಇದೆ ಅಂದ ಮೇಲೆ ವಯಸ್ಸಿನ ಲೆಕ್ಕವೂ ಇಲ್ಲ ಅಂದುಕೊಂಡರೆ ತಪ್ಪು. ವಿನಾಯಿತಿ ಇರುವುದು ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ. 21 ತುಂಬದವರು ಬಂದೂಕು ಇಟ್ಟುಕೊಳ್ಳಬಾರದು ಅನ್ನುವುದು 9ನೇ ಸೆಕ್ಷನ್. ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಇಟ್ಟು ಕೈಮುಗಿಯಲಿ, ಯಾರು ಬೇಡ ಅಂದರು? ಹೆಸರಿಗೆ ಮಾಡಿಕೊಳ್ಳಲು ಇನ್ನೂ 3 ವರ್ಷ ಕಾಯಲಿ.

ಪಿಕಪ್ ಹಳದಿ ಬೋರ್ಡಿನದಾದರೆ ರಸ್ತೆಗೆ ಇಳಿಸಲು 20 ತುಂಬಿರಬೇಕು. ಮನೆಯ ಬಿಳಿ ಬೋರ್ಡ್ ಜೀಪಿಗೆ 18 ಸಾಕು, ಲೈಸೆನ್ಸ್ ಮಾಡಿಸಿ. ಅವನಿಗೆ ತಮ್ಮಂದಿರಿದ್ದರೆ ಅವರ ಕೈಗೆ ಬೈಕ್ ಕೀ ಸಿಗದಂತೆ ನೋಡಿಕೊಳ್ಳಿ. 2019ರ ತಿದ್ದುಪಡಿ ಬಂದ ಮೇಲೆ ಅದಕ್ಕೆ ಹೆತ್ತವರಿಗೇ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ವೋಟು ಮಾತ್ರ ಈಗಲೇ ಹಾಕಬಹುದು. 1989ರವರೆಗೆ ಅದಕ್ಕೂ 21 ಆಗಬೇಕಿತ್ತು. ಪಂಚಾಯಿತಿ ಚುನಾವಣೆಗೆ ನಿಲ್ಲಲು 21, ವಿಧಾನಸಭೆಗೆ 25. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21. ಈ ಮೂರು ವರ್ಷದ ವ್ಯತ್ಯಾಸ ಯಾಕೋ, ನನಗಂತೂ ಒಪ್ಪುವಂಥ ಕಾರಣ ಸಿಕ್ಕಿಲ್ಲ.

ನೀವು ಕೇಳದೆ ಬಿಟ್ಟದ್ದು ಸಹಿಯ ವಿಷಯ. ನನಗೆ ಅದರದ್ದೇ ಚಿಂತೆ ಜಾಸ್ತಿ. ಎರಡು ತಿಂಗಳ ಹಿಂದೆ ಅವನು ಸಾಲಪತ್ರಕ್ಕೆ ಸಹಿ ಹಾಕಿದ್ದರೆ ಅದು ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಅಪ್ರಾಪ್ತರ ಕರಾರಿಗೆ ಬೆಲೆಯೇ ಇಲ್ಲ ಅಂತ ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿಬಿಟ್ಟಿದೆ. ಈಗ ಹಾಕಿದರೆ ನಿಲ್ಲುತ್ತದೆ. ಬೈಕ್ ಲೋನ್ ಇರಲಿ, ಗೆಳೆಯನ ಸಾಲಕ್ಕೆ ಸುಮ್ನೆ ಹಾಕಿಕೊಟ್ಟ ಜಾಮೀನು ಇರಲಿ, ಕಟ್ಟಬೇಕಾದವನು ಅವನೇ. "ಅವನಿನ್ನೂ ಹುಡುಗ ಸಾರ್" ಅಂತ ನೀವು ಹೋಗಿ ನಿಂತರೂ ಬ್ಯಾಂಕಿನವರು ಕೇಳುವುದಿಲ್ಲ.

ಕೋವಿಯ ಜಗಳ 3 ವರ್ಷ ಕಾಯಬಹುದು. ಈ ಭಾನುವಾರ ಮನೆಯಲ್ಲಿರುವ ಯಾವುದಾದರೂ ಲೋನ್ ಪತ್ರ ತೆಗೆದು, ಸಣ್ಣಕ್ಷರದ ಸಾಲುಗಳನ್ನೂ ಬಿಡದೆ ಅವನ ಬಾಯಲ್ಲೇ ಓದಿಸಿ.

— ಸಂಪಾದಕ