ಸುತ್ತುಪದರವಿರುವ ಬೇಸಿಗೆಯ ಶಾರ್ಟ್ಸ್: ಪದರವನ್ನು ಯಾವಾಗ, ಹೇಗೆ ಸೇರಿಸಬೇಕು?

ದಿಂಬಿನ ಚೀಲ, ಕೈಚೀಲಗಳನ್ನಷ್ಟೇ ಹೊಲಿದು ಅಭ್ಯಾಸವಿರುವ ತಾವು, ಜಿಪ್ ಇಲ್ಲದ, ಮುಂದಿನಿಂದ ಸುತ್ತಿಕೊಂಡ ಸ್ಕರ್ಟಿನಂತೆಯೂ ಹಿಂದಿನಿಂದ ಸಾಧಾರಣ ಶಾರ್ಟ್ಸಿನಂತೆಯೂ ಕಾಣುವ ಬೇಸಿಗೆಯ ಉಡುಪೊಂದನ್ನು ಹೊಲಿಯಲು ಸಾಧ್ಯವೇ, ಎಷ್ಟು ಬಟ್ಟೆ ಬೇಕು, ಮೇಲಿನ ಪದರವನ್ನು ಯಾವ ಹಂತದಲ್ಲಿ ಸೇರಿಸಬೇಕು ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ನೇರ ಹೊಲಿಗೆ ಹಾಕಲು ಬಂದರೆ ಸಾಕು. ಹೊಸಬರು ಇಲ್ಲಿ ಎಡವುವುದು ಹೊಲಿಗೆಯ ಕ್ರಮದಲ್ಲಿ. ಪ್ಯಾಂಟು ಹೊಲಿಯುವಾಗ ಸಾಮಾನ್ಯವಾಗಿ ಒಂದೊಂದು ಕಾಲನ್ನೂ ಕೊಳವೆಯಂತೆ ಮುಗಿಸಿ, ಒಂದನ್ನು ಇನ್ನೊಂದರೊಳಗೆ ತೂರಿಸಿ ನಡುವಿನ ಹೊಲಿಗೆ ಹಾಕುತ್ತೇವೆ. ಆದರೆ ಈ ಪದರ ಎರಡೂ ಕಾಲುಗಳ ಮೇಲೆ ಅಡ್ಡಲಾಗಿ ಹಾದುಹೋಗುವುದರಿಂದ, ಅದನ್ನು ಹಾಸಲು ಮುಂಭಾಗವಿಡೀ ಒಂದೇ ಹಾಳೆಯಂತೆ ಮೇಜಿನ ಮೇಲೆ ಬಿಡಿಸಿಕೊಂಡಿರಬೇಕು. ಹಾಗಾಗಿ ಮುಂದಿನ ಎರಡು ತುಂಡುಗಳನ್ನು ನಡುವೆ ಕೂಡಿಸುವುದು ಮೊದಲು, ಪದರ ಹೊದಿಸುವುದು ಆಮೇಲೆ, ಪಕ್ಕದ ಹೊಲಿಗೆ ಅದರ ನಂತರ, ಒಳತೊಡೆಯ ಹೊಲಿಗೆ ಕೊನೆಗೆ.

ಬಟ್ಟೆಯ ವಿಷಯದಲ್ಲಿ ನನ್ನ ಆಯ್ಕೆ ಮಧ್ಯಮ ದಪ್ಪದ ಹತ್ತಿ, ಇಲ್ಲವೇ ಹತ್ತಿ ಮತ್ತು ಲಿನನ್ ಬೆರೆತ ಬಟ್ಟೆ. ರೇಯಾನ್ ಇಳಿಬಿದ್ದಾಗ ಬಹಳ ಸೊಗಸಾಗಿ ಕಾಣುತ್ತದೆ, ಆದರೆ ಕತ್ತರಿಸುವಾಗ ಮೇಜಿನ ಮೇಲೆ ಹಾವಿನಂತೆ ಜಾರುತ್ತದೆ, ಆದ್ದರಿಂದ ಅದನ್ನು ಎರಡನೆಯ ಶಾರ್ಟ್ಸಿಗೆ ಉಳಿಸಿಕೊಳ್ಳಿ. ಯಾವ ಬಟ್ಟೆಯಾದರೂ ಕತ್ತರಿಸುವ ಮೊದಲು ತೊಳೆದು ಒಣಗಿಸಿ ಇಸ್ತ್ರಿ ಹಾಕಿಕೊಳ್ಳಲೇಬೇಕು, ಏಕೆಂದರೆ ಹತ್ತಿ ಮೊದಲ ತೊಳೆತದಲ್ಲಿಯೇ ಕುಗ್ಗುತ್ತದೆ, ಮತ್ತು ಶಾರ್ಟ್ಸೂ ಪದರವೂ ಬೇರೆ ಬೇರೆ ಬಟ್ಟೆಯದಾದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಪದರದ ಕೆಳಗಿನಿಂದ ಶಾರ್ಟ್ಸ್ ಇಣುಕತೊಡಗುತ್ತದೆ. ನಾನು ಕೆಳಗೆ ಕೊಡುವ ಅಳತೆಗೆ 44 ಇಂಚು ಪನ್ನದ ಬಟ್ಟೆ ಒಂದೂವರೆ ಮೀಟರಿನಲ್ಲಿ ಹೇಗೋ ಸಾಲುತ್ತದೆ. ಒಂದೂಮುಕ್ಕಾಲು ಮೀಟರ್ ಇದ್ದರೆ ನೆಮ್ಮದಿ.

ಬೇಕಾದ ಅಳತೆಗಳು ನಾಲ್ಕೇ: ಸೊಂಟ, ಸೀಟು ಅಂದರೆ ಪೃಷ್ಠದ ಅತಿ ಅಗಲವಾದ ಜಾಗದ ಸುತ್ತಳತೆ, ಗಟ್ಟಿ ಕುರ್ಚಿಯ ಮೇಲೆ ನೇರವಾಗಿ ಕುಳಿತಾಗ ಸೊಂಟದಿಂದ ಕುರ್ಚಿಯ ಹಲಗೆಯವರೆಗಿನ ಎತ್ತರ, ಮತ್ತು ಒಳತೊಡೆಯಲ್ಲಿ ತಮಗೆ ಬೇಕಾದ ಉದ್ದ. ಉದಾಹರಣೆಗೆ ಸೊಂಟ 32, ಸೀಟು 40, ಕುಳಿತ ಎತ್ತರ 10½, ಒಳತೊಡೆ 5 ಇಂಚು ಎಂದಿಟ್ಟುಕೊಳ್ಳೋಣ. ಸೀಟಿನ ಕಾಲುಭಾಗ 10. ಅದಕ್ಕೆ ಅರ್ಧ ಇಂಚು ಸೇರಿಸಿದರೆ ಮುಂದಿನ ತುಂಡಿನ ಅಗಲ 10½, ಒಂದೂವರೆ ಇಂಚು ಸೇರಿಸಿದರೆ ಹಿಂದಿನ ತುಂಡಿನ ಅಗಲ 11½. ಕುಳಿತ ಎತ್ತರಕ್ಕೆ ಸಡಿಲಕ್ಕೆಂದು 1 ಇಂಚು ಸೇರಿಸಿ, ಸೊಂಟಪಟ್ಟಿಯ ಅಗಲವಾದ 1½ ಇಂಚನ್ನು ಕಳೆಯಿರಿ. ಉಳಿಯುವ 10 ಇಂಚು ತುಂಡಿನ ಮೇಲ್ತುದಿಯಿಂದ ತೊಡೆಸಂದಿನ ಗೆರೆಯವರೆಗಿನ ಆಳ. ಪಟ್ಟಿಯ ಅಗಲವನ್ನು ಕಳೆಯಲು ಮರೆತವರ ಶಾರ್ಟ್ಸ್ ಎದೆಯ ಹತ್ತಿರ ಬಂದು ನಿಲ್ಲುತ್ತದೆ. ತೊಡೆಸಂದಿನ ಗೆರೆಯಲ್ಲಿ ಮುಂದಿನ ತುಂಡನ್ನು ಸೀಟಿನ ಹದಿನಾರನೆಯ ಒಂದು ಭಾಗದಷ್ಟು, ಅಂದರೆ 2½ ಇಂಚು, ಹಿಂದಿನ ತುಂಡನ್ನು ಎಂಟನೆಯ ಒಂದು ಭಾಗದಷ್ಟು, ಅಂದರೆ 5 ಇಂಚು ಹೊರಗೆ ಚಾಚಿ, ನಡುವಿನ ನೇರ ಗೆರೆಗೆ ದುಂಡಾಗಿ ಸೇರಿಸಿ. ಹಿಂಭಾಗದ ನಡುವನ್ನು ಮೇಲ್ತುದಿಯಲ್ಲಿ 1 ಇಂಚು ಎತ್ತರಿಸಿದರೆ ಬಗ್ಗಿದಾಗ ಹಿಂದೆ ಜಾರುವುದಿಲ್ಲ. ಒಳತೊಡೆಯ ಗೆರೆ ಎರಡೂ ತುಂಡುಗಳಲ್ಲಿ ಒಂದೇ ಉದ್ದವಿದೆಯೇ ಎಂದು ಟೇಪಿನಿಂದ ನೋಡಿ, ಹಿಂದಿನದು ಉದ್ದವಾಗಿದ್ದರೆ ಅದರ ಚಾಚಿದ ತುದಿಯನ್ನು ಅಷ್ಟೇ ಕೆಳಗಿಳಿಸಿ. ಎಲ್ಲ ಕಡೆ ಹೊಲಿಗೆಗೆಂದು ಅರ್ಧ ಇಂಚು ಮಾರ್ಜಿನ್ ಬಿಡಿ, ಕಾಲಿನ ಕೆಳಗೆ ಮಡಿಕೆಗೆ 1¼ ಇಂಚು.

ಸೊಂಟದಲ್ಲಿ ಸುತ್ತಲೂ ಎಲಾಸ್ಟಿಕ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮುಂದೆ ಎರಡು ಪದರ ಬಟ್ಟೆ ಇರುವುದರಿಂದ ಅಲ್ಲಿ ನೆರಿಗೆ ಬಿದ್ದರೆ ಹೊಟ್ಟೆಯ ಮೇಲೆ ಟವೆಲ್ ಸುತ್ತಿದಂತೆ ಉಬ್ಬಿ ಕಾಣುತ್ತದೆ. ಮುಂಭಾಗ ಸಪಾಟಾಗಿರಲಿ, ಎಲಾಸ್ಟಿಕ್ ಹಿಂದೆ ಮಾತ್ರ ಇರಲಿ. ಅದಕ್ಕಾಗಿ ಮುಂದಿನ ತುಂಡಿನ ಪಕ್ಕದ ಗೆರೆಯನ್ನು ಸೊಂಟದಲ್ಲಿ 1¼ ಇಂಚು ಒಳಕ್ಕೆ ತಂದು, ಸೀಟಿನ ಮಟ್ಟಕ್ಕೆ ಇಳಿಯುವಷ್ಟರಲ್ಲಿ ನಿಧಾನವಾಗಿ ಮೂಲ ಗೆರೆಗೆ ಕೂಡಿಸಿ. ಆಗ ಮುಂಭಾಗ ಒಟ್ಟು 18½, ಹಿಂಭಾಗ ಹಿಗ್ಗಿದಾಗ 23, ಎರಡೂ ಸೇರಿ 41½ ಇಂಚಾಗುತ್ತದೆ. ಈ ಮೊತ್ತ ಸೀಟಿನ ಅಳತೆಗಿಂತ ಕನಿಷ್ಠ 1 ಇಂಚು ಹೆಚ್ಚಿರಬೇಕು, ಇಲ್ಲದಿದ್ದರೆ ಜಿಪ್ ಇಲ್ಲದ ಉಡುಪು ಮೇಲೇರುವುದೇ ಇಲ್ಲ.

ಇನ್ನು ಪದರ. ಮುಂದಿನ ಎರಡು ತುಂಡುಗಳ ನಕ್ಷೆಯನ್ನು ನಡುಗೆರೆಯಲ್ಲಿ ತಾಗಿಸಿಟ್ಟು, ತೊಡೆಸಂದಿನ ಚಾಚುಗಳನ್ನು ಬಿಟ್ಟು ಹೊರಗಿನ ರೂಪವನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಸೊಂಟದಲ್ಲಿ 18½, ಸೀಟಿನಿಂದ ಕೆಳಗೆ 21 ಇಂಚು ಅಗಲದ ಒಂದು ಹಾಳೆ ಸಿಗುತ್ತದೆ. ಪದರ ಶಾರ್ಟ್ಸಿಗಿಂತ ಮುಕ್ಕಾಲು ಇಂಚು ಉದ್ದವಿದ್ದರೆ ಕೆಳಗಿನಿಂದ ಏನೂ ಇಣುಕುವುದಿಲ್ಲ. ಪದರದ ಅಂಚಿಗೆ ಅರ್ಧ ಇಂಚಿನ ಮಡಿಕೆ ಸಾಕಾಗುವುದರಿಂದ ಕತ್ತರಿಸುವ ಉದ್ದ ಮಾತ್ರ ಮುಂದಿನ ತುಂಡಿನಷ್ಟೇ ಬರುತ್ತದೆ, ಪ್ರತ್ಯೇಕ ಲೆಕ್ಕ ಬೇಕಿಲ್ಲ. ಪದರದ ಎಡ ಬದಿ ಪಕ್ಕದ ಹೊಲಿಗೆಯಲ್ಲಿ ಸೇರುತ್ತದೆ, ಬಲ ಬದಿ ಬಿಡಿಯಾಗಿ ಉಳಿಯುತ್ತದೆ. ಬಲಗಡೆಯ ಕೆಳಮೂಲೆಯ ಮೇಲೆ ಸುಮಾರು 10 ಇಂಚು ವ್ಯಾಸದ ಊಟದ ತಟ್ಟೆಯೊಂದನ್ನು ಎರಡೂ ಅಂಚುಗಳಿಗೆ ತಾಗುವಂತೆ ಕವುಚಿ, ಅದರ ಸುತ್ತ ಪೆನ್ಸಿಲ್ ಎಳೆದು ಮೂಲೆಯನ್ನು ದುಂಡು ಮಾಡಿ. ಇಲ್ಲಿ ಎಡ ಬಲ ಎಂದರೆ ಧರಿಸಿದವರ ಎಡ ಬಲ. ಬಟ್ಟೆಯನ್ನು ಮೇಲ್ಮುಖವಾಗಿ ಒಂದೇ ಪದರವಾಗಿ ಹಾಸಿ ಕತ್ತರಿಸಿ. ಚಿತ್ರವಿರುವ ಬಟ್ಟೆಯನ್ನು ಒಳಮುಖವಾಗಿ ಹಾಸಿ ಕತ್ತರಿಸಿ ಒಮ್ಮೆ ನಾನು ತಿರುವುಮುರುವಾದ ಪದರವನ್ನು ಕೈಯಲ್ಲಿ ಹಿಡಿದು ನಿಂತಿದ್ದುಂಟು.

ತಟ್ಟೆಯ ಉಪಾಯಕ್ಕೆ ನಾನು ಬಂದದ್ದು ಒಂದು ಬಟ್ಟೆ ಕೆಟ್ಟ ಮೇಲೆ. ಮೊದಲ ಸಲ ಪದರವನ್ನು ಬಲ ಸೊಂಟದಿಂದ ಎಡ ಕೆಳಮೂಲೆಗೆ ನೇರ ಓರೆಗೆರೆಯಲ್ಲಿ ಕತ್ತರಿಸಿ, ಅದೇ ಸಂಜೆ ಅಂಚು ಮಡಿಸಿ ಹೊಲಿದು ಗೂಟಕ್ಕೆ ತೂಗುಹಾಕಿದ್ದೆ. ಬೆಳಗ್ಗೆ ನೋಡಿದರೆ ಪದರದ ತುದಿ ಎರಡು ಬೆರಳಿನಷ್ಟು ಕೆಳಗೆ ಜೋತುಬಿದ್ದಿತ್ತು, ಅಂಚು ಹಪ್ಪಳದಂತೆ ಅಲೆಅಲೆಯಾಗಿತ್ತು. ನೇಯ್ದ ಬಟ್ಟೆ ಹಾಸಿನ ಎಳೆಯ ದಿಕ್ಕಿನಲ್ಲಿಯೂ ಹೊಕ್ಕಿನ ಎಳೆಯ ದಿಕ್ಕಿನಲ್ಲಿಯೂ ಅಷ್ಟಾಗಿ ಹಿಗ್ಗುವುದಿಲ್ಲ, ಆದರೆ ಇವೆರಡರ ನಡುವಿನ 45 ಡಿಗ್ರಿ ಓರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಗ್ಗುತ್ತದೆ. ಪೂರ್ತಿ ಓರೆಗೆರೆಯಲ್ಲಿ ಅಂಚಿನ ಉದ್ದಕ್ಕೂ ಈ ಹಿಗ್ಗುವ ಗುಣ ಇರುತ್ತದೆ. ದುಂಡು ಮೂಲೆಯಲ್ಲಿ ಅದು ತಿರುವಿನ ನಡುವೆ ಒಂದು ಗೇಣಿನಷ್ಟಕ್ಕೆ ಸೀಮಿತವಾಗುತ್ತದೆ. ಓರೆಯ ರೂಪವೇ ಬೇಕೆನ್ನುವವರು ಕತ್ತರಿಸಿದ ಪದರವನ್ನು ಸೊಂಟದ ಬದಿಯಿಂದ ಒಂದು ಹಗಲು ಒಂದು ರಾತ್ರಿ ತೂಗುಹಾಕಿ, ಇಳಿಯುವಷ್ಟು ಇಳಿದ ಮೇಲೆ ಅಂಚನ್ನು ಸಮ ಮಾಡಿ ಮಡಿಸಬೇಕು.

ದುಂಡಂಚನ್ನು ಮಡಿಸುವುದು ಈ ಉಡುಪಿನಲ್ಲಿ ತಾಳ್ಮೆ ಬೇಡುವ ಒಂದೇ ಕೆಲಸ. ತುದಿಯಿಂದ ಕಾಲು ಇಂಚು ಒಳಗೆ, ಯಂತ್ರದ ಅತಿ ಉದ್ದದ ಹೊಲಿಗೆಯಲ್ಲಿ ಒಂದು ಸಾಲು ಓಡಿಸಿ, ತಿರುವಿರುವಲ್ಲಿ ಬಾಬಿನ್ ದಾರವನ್ನು ಉಗುರಿನಿಂದ ಸ್ವಲ್ಪವೇ ಎಳೆಯಿರಿ. ಬಟ್ಟೆಯ ತುದಿ ತಾನಾಗಿಯೇ ಒಳಕ್ಕೆ ಬಾಗುತ್ತದೆ, ಹೆಚ್ಚುವರಿ ಬಟ್ಟೆ ಸಮನಾಗಿ ಹಂಚಿಹೋಗುತ್ತದೆ. ಆ ಸಾಲಿನ ಮೇಲೆಯೇ ಮಡಿಸಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಎತ್ತಿ ಒತ್ತಿ, ಉಜ್ಜಬೇಡಿ. ಇನ್ನೊಂದು ಕಾಲು ಇಂಚು ಮಡಿಸಿ 2.5 ಮಿಲಿಮೀಟರ್ ಹೊಲಿಗೆಯಲ್ಲಿ ಮುಗಿಸಿ. ಎಡ ಬದಿಯಲ್ಲಿ ಪದರದ ಮುಗಿದ ಅಂಚಿನಿಂದ ಸುಮಾರು 3 ಇಂಚು ಮೇಲೆ, ಮಾರ್ಜಿನ್ನಿಗೆ ಅಡ್ಡಲಾಗಿ, ಹೊಲಿಗೆಯ ಗೆರೆಗೆ ಒಂದೆರಡು ಎಳೆ ಉಳಿಯುವಂತೆ ಕತ್ತರಿ ಹಾಕಿ, ಅಲ್ಲಿಂದ ಕೆಳಗಿನ ಭಾಗವನ್ನೂ ಹೀಗೆಯೇ ಎರಡು ಸಲ ಮಡಿಸಿ ಹೊಲಿಯಿರಿ. ಈ ಚಿಕ್ಕ ಸೀಳು ಇಲ್ಲದಿದ್ದರೆ ಶಾರ್ಟ್ಸಿನ ಕೆಳಮಡಿಕೆಯೊಳಗೆ ಪದರವೂ ಸಿಕ್ಕಿಹಾಕಿಕೊಳ್ಳುತ್ತದೆ.

ಜೋಡಣೆ ಇದಾದ ಮೇಲೆ ಬೇಗ ಸಾಗುತ್ತದೆ. ಮುಂದಿನ ಎರಡು ತುಂಡುಗಳನ್ನು ನಡುಗೆರೆಯಲ್ಲಿ, ಹಿಂದಿನ ಎರಡನ್ನು ಹಾಗೆಯೇ ಕೂಡಿಸಿ, ತೊಡೆಸಂದಿನ ತಿರುವಿನಲ್ಲಿ ಎರಡು ಸಲ ಹೊಲಿದು ಅಲ್ಲಿನ ಮಾರ್ಜಿನ್ನನ್ನು ಕಾಲು ಇಂಚಿಗೆ ಇಳಿಸಿ. ಮುಂಭಾಗವನ್ನು ಮೇಲ್ಮುಖವಾಗಿ ಹಾಸಿ, ಅದರ ಮೇಲೆ ಪದರವನ್ನೂ ಮೇಲ್ಮುಖವಾಗಿಟ್ಟು, ಸೊಂಟದ ಉದ್ದಕ್ಕೂ ಎಡ ಪಕ್ಕದಲ್ಲಿ ಸೀಳಿನವರೆಗೂ ಕಚ್ಚಾ ಹೊಲಿಗೆ ಹಾಕಿ. ಬಲಗಡೆಯ ಬಿಡಿ ಅಂಚು ಪಕ್ಕದ ಹೊಲಿಗೆಯ ಗೆರೆಗೆ ಮುಟ್ಟಿದಂತಿರಬೇಕು, ಅದನ್ನು ದಾಟಬಾರದು. ಪಕ್ಕದ ಹೊಲಿಗೆಗಳನ್ನು ಹಾಕುವಾಗ ಪದರದ ಬಿಡಿ ಭಾಗವನ್ನು ಚಾಪೆಯಂತೆ ಸುರುಳಿ ಸುತ್ತಿ ನಡುವಿಗೆ ಗುಂಡುಸೂಜಿ ಚುಚ್ಚಿಡಿ. ಕೊನೆಗೆ ಒಂದು ಕಾಲಿನ ಕೆಳತುದಿಯಿಂದ ಶುರುಮಾಡಿ ತೊಡೆಸಂದಿನ ಮೂಲಕ ಇನ್ನೊಂದು ಕಾಲಿನ ಕೆಳತುದಿಯವರೆಗೆ ಒಂದೇ ಓಟದಲ್ಲಿ ಒಳತೊಡೆಯ ಹೊಲಿಗೆ ಹಾಕಿ, ಅಂಚುಗಳಿಗೆ ಓವರ್‌ಲಾಕ್ ಅಥವಾ ಜಿಗ್‌ಜಾಗ್ ಮಾಡಿ, ಕಾಲುಗಳ ಕೆಳಮಡಿಕೆ ಮುಗಿಸಿ.

ಸೊಂಟಪಟ್ಟಿಗೆ 4 ಇಂಚು ಅಗಲದ ಎರಡು ತುಂಡುಗಳು ಬೇಕು: ಮುಂದಿನದು 19½ ಇಂಚು ಉದ್ದ, ಹಿಂದಿನದು 24. ಮುಂದಿನದಕ್ಕೆ ಮಾತ್ರ ಇಸ್ತ್ರಿಯಿಂದ ಅಂಟುವ ತೆಳು ಕ್ಯಾನ್ವಾಸ್ ಹಾಕಿ. ಎರಡನ್ನೂ ಪಕ್ಕಗಳಲ್ಲಿ ಕೂಡಿಸಿ ಬಳೆಯಂತೆ ಮಾಡಿ ಶಾರ್ಟ್ಸಿಗೆ ಹೊಲಿದು, ಒಳಕ್ಕೆ ಮಡಿಸಿ ಮುಚ್ಚುವಾಗ ಎರಡೂ ಪಕ್ಕದ ಹೊಲಿಗೆಗಳ ಹತ್ತಿರ 2 ಇಂಚು ಬಾಯಿ ಬಿಡಿ. ಎಲಾಸ್ಟಿಕ್ 1¼ ಇಂಚು ಅಗಲದ್ದು, ತನ್ನ ಎರಡರಷ್ಟು ಹಿಗ್ಗುವಂಥದ್ದಾಗಿರಲಿ. ಉದ್ದದ ಲೆಕ್ಕ ಹೀಗಿದೆ: ಸೊಂಟದ 32ರಲ್ಲಿ ಮುಂಭಾಗದ 18½ ಕಳೆದರೆ 13½, ಬಿಗಿಗೆಂದು 1 ಇಂಚು ಕಳೆದು, ತುದಿಗಳ ಹೊಲಿಗೆಗೆಂದು 1 ಇಂಚು ಸೇರಿಸಿದರೆ ಕತ್ತರಿಸಬೇಕಾದದ್ದು ಮತ್ತೆ 13½. ಸೇಫ್ಟಿ ಪಿನ್ನಿನಿಂದ ಹಿಂಭಾಗದಲ್ಲಿ ಮಾತ್ರ ಪೋಣಿಸಿ, ತುದಿಗಳನ್ನು ಪಿನ್ನಿನಿಂದಲೇ ನಿಲ್ಲಿಸಿ ಒಮ್ಮೆ ಹಾಕಿಕೊಂಡು ನೋಡಿ, ಕುಳಿತು, ಮೆಟ್ಟಿಲು ಹತ್ತಿ ಇಳಿದು, ಒಪ್ಪಿಗೆಯಾದ ಮೇಲೆ ಪಕ್ಕದ ಗೆರೆಗಳ ಮೇಲೆಯೇ ಪಟ್ಟಿಯಗಲಕ್ಕೆ ಲಂಬವಾಗಿ ಹೊಲಿದು ಬಾಯಿಗಳನ್ನು ಮುಚ್ಚಿ.

ಕುಳಿತಾಗ ತೊಡೆಸಂದಿನಿಂದ ಮೀಸೆಯಂತೆ ಗೆರೆಗಳು ಹೊರಟು ಬಟ್ಟೆ ಎಳೆದರೆ, ಹಿಂದಿನ ತಿರುವನ್ನು ಕಾಲು ಇಂಚು ಆಳವಾಗಿ ಮತ್ತೆ ಹೊಲಿದು ಹಳೆಯ ಮಾರ್ಜಿನ್ನನ್ನು ಕತ್ತರಿಸಿ ತೆಗೆಯಿರಿ. ಹೆಚ್ಚಿನ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಜೇಬು ಬೇಕಿದ್ದರೆ ಪಕ್ಕದ ಹೊಲಿಗೆಯಲ್ಲಿ ಇಡಬೇಡಿ, ಎಡಗಡೆ ಪದರವೂ ಸೇರಿ ಅಲ್ಲಿ ಗಂಟು ಕಟ್ಟಿದಂತಾಗುತ್ತದೆ. ಹಿಂಭಾಗದ ಮೇಲೆ ಒಂದು ಚೌಕ ಜೇಬನ್ನು, ಪಕ್ಕದ ಹೊಲಿಗೆ ಹಾಕುವುದಕ್ಕೆ ಮೊದಲೇ, ಬಟ್ಟೆ ಇನ್ನೂ ಸಪಾಟಾಗಿರುವಾಗ ಹಚ್ಚಿಬಿಡಿ.