ಪದಕ ಪೂರ್ವದ್ದು, ಯುದ್ಧ ಪಶ್ಚಿಮದ್ದು

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ತಂದೆಯವರು ತೀರಿಕೊಂಡು ನಾಲ್ಕು ತಿಂಗಳಾಯಿತು ಎಂದು ಪತ್ರದಲ್ಲಿ ಬರೆದಿದ್ದೀರಿ. ಇಂಥ ಹೊತ್ತಿನಲ್ಲಿ ಲೇಖನ ಹಿಂದಿರುಗಿಸಲು ನನಗೂ ಕೈ ಬರುವುದಿಲ್ಲ. ಆದರೂ ‘ವೀರಯೋಧ ನನ್ನ ತೀರ್ಥರೂಪರು’ ಎಂಬ ಎಂಟು ಪುಟಗಳ ಬರಹವನ್ನು ಇದ್ದ ಹಾಗೆ ಅಚ್ಚು ಹಾಕಲಾರೆ. ಎರಡು ಸಲ ಓದಿದ್ದೇನೆ. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಬೇಸರಿಸಬೇಡಿ.

ಮೊದಲ ಮೂರು ಪುಟಗಳನ್ನು 1971ರ ಯುದ್ಧವೇ ನುಂಗಿದೆ. ಡಿಸೆಂಬರ್ 3ರಂದು ಆರಂಭ, 16ರಂದು ಢಾಕಾದಲ್ಲಿ ಶರಣಾಗತಿ, ಸುಮಾರು 93,000 ಮಂದಿ ಸೆರೆ. ಎಲ್ಲ ಸರಿಯಾಗಿಯೇ ಇದೆ, ಆದರೆ ಇದಕ್ಕೆ ನೀವೇ ಬೇಕೆಂದಿಲ್ಲ. ನಿಮ್ಮ ಅಪ್ಪ ಎಲ್ಲಿ ಎಂದು ಹುಡುಕುತ್ತ ಹೋದರೆ ನಾಲ್ಕನೆಯ ಪುಟದಲ್ಲಿ ಸಿಕ್ಕಿದರು: ರಾಜಸ್ಥಾನದ ಲೋಂಗೆವಾಲಾದ ಮರಳಿನಲ್ಲಿ, ಶತ್ರುವಿನ ಟ್ಯಾಂಕಿಗೆ ಎದೆಯೊಡ್ಡಿ ನಿಂತಿದ್ದರು.

ನನಗೆ ಅನುಮಾನ ಬಂದದ್ದು ಅಲ್ಲಿಯೇ. ಲೇಖನದ ಜೊತೆ ನೀವು ಇಟ್ಟಿರುವ ಫೋಟೊದಲ್ಲಿರುವ ಪದಕ ಪೂರ್ವೀ ಸ್ಟಾರ್. ಅದು ಪೂರ್ವದ ರಣಾಂಗಣದಲ್ಲಿದ್ದವರಿಗೆ ಕೊಟ್ಟದ್ದು; ಪಶ್ಚಿಮದಲ್ಲಿದ್ದವರಿಗೆ ಸಿಕ್ಕಿದ್ದು ಪಶ್ಚಿಮೀ ಸ್ಟಾರ್. ಅಜ್ಜಿ ಜೋಪಾನ ಮಾಡಿದ್ದ ಇನ್‌ಲ್ಯಾಂಡ್ ಪತ್ರದ ಮೇಲೆ ಊರಿನ ಹೆಸರಿಲ್ಲದೆ ‘99 ಎಪಿಒ’ ಎಂದಷ್ಟೇ ಇತ್ತು ಎಂದೂ ಬರೆದಿದ್ದೀರಿ. ಅದೂ ಪೂರ್ವದ ಕಡೆಯ ಸೇನಾ ಅಂಚೆ. ಸಾಲದ್ದಕ್ಕೆ, ಡಿಸ್ಚಾರ್ಜ್ ಪುಸ್ತಕದ ಪ್ರಕಾರ ಅವರು ಆರ್ಮಿ ಸರ್ವಿಸ್ ಕೋರಿನ ಚಾಲಕರು. ಅಕ್ಕಿ, ಬೇಳೆ, ಇಂಧನ, ಮದ್ದುಗುಂಡು ತುಂಬಿದ ಲಾರಿಯನ್ನು ಮುಂದಿನ ಸಾಲಿಗೆ ತಲುಪಿಸುವ ಕೆಲಸ. ಯುದ್ಧದ ಬಗ್ಗೆ ಅಪ್ಪ ಮನೆಯಲ್ಲಿ ತುಟಿ ಬಿಚ್ಚಲಿಲ್ಲ ಎಂದು ನೀವೇ ಎರಡು ಕಡೆ ಹೇಳಿದ್ದೀರಿ. ಅವರು ಆಡದೆ ಬಿಟ್ಟ ಜಾಗಕ್ಕೆ ಸಿನಿಮಾದ ಮಾತು ತಂದು ತುಂಬಿದ್ದೀರಿ. ಟ್ಯಾಂಕಿನ ಮುಂದೆ ನಿಲ್ಲಿಸದಿದ್ದರೆ ಅಪ್ಪ ಸಣ್ಣವರಾಗಿ ಕಾಣುತ್ತಾರೆ ಎಂದು ಹೆದರಿದಿರೋ ಏನೋ. ಲಾರಿ ಬಾರದಿದ್ದರೆ ಮುಂದಿದ್ದವರು ಏನು ಉಣ್ಣಬೇಕಿತ್ತು?

1972ರ ಮೇ ತಿಂಗಳಲ್ಲಿ ರಜೆಗೆ ಬಂದ ಅವರನ್ನು ಉಡುಪಿ ರೈಲು ನಿಲ್ದಾಣದಲ್ಲಿ ಇಳಿಸಿದ್ದೀರಿ. ಉಡುಪಿಗೆ ರೈಲು ಬಂದದ್ದು 1990ರ ದಶಕದಲ್ಲಿ. ಮಂಗಳೂರಿನಲ್ಲಿ ಇಳಿದು, ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿರಬೇಕು. ನಿಮ್ಮ ಸೋದರತ್ತೆ ಗಟ್ಟಿಮುಟ್ಟಾಗಿದ್ದಾರಲ್ಲ, ಕೇಳಿ. ಬಸ್ ನಿಲ್ದಾಣದಿಂದ ಆ ಟ್ರಂಕನ್ನು ಹೊತ್ತು ತಂದವರು ಯಾರು ಎಂಬುದೂ ಅವರಿಗೆ ನೆನಪಿದ್ದೀತು. ‘ಹುತಾತ್ಮ’ ಎಂಬ ಪದವನ್ನು ತೆಗೆಯಿರಿ. ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಮನೆಯ ಮಂಚದ ಮೇಲೆ, ಗಂಜಿ ಉಂಡು ಮಲಗಿದವರಿಗೆ ಆ ಪದ ಸಲ್ಲದು. ‘ಅಜಾತಶತ್ರು’ವನ್ನೂ ತೆಗೆಯಿರಿ, ಏಕೆಂದರೆ ಮುಂದಿನ ಪುಟದಲ್ಲಿಯೇ ಅವರು ಗದ್ದೆಯ ಕಟ್ಟಪುಣಿಯ (ಬದುವಿನ) ವಿಷಯಕ್ಕೆ ನೆರೆಮನೆಯವರೊಡನೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದಾರೆ! ಜಗಳ ಇರಲಿ. ನನಗೆ ಅವರು ಇಷ್ಟವಾದದ್ದೇ ಅಲ್ಲಿ.

‘ತೀರ್ಥರೂಪರು’ ಯಾರು? ಮನೆಯಲ್ಲಿ ತುಳು ಮಾತಾಡುವವರು ನೀವು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ನೀವು ಏನೆಂದು ಕರೆಯುತ್ತಿದ್ದಿರೋ ಹಾಗೆಯೇ ಬರೆಯಿರಿ. ಘಟ್ಟದ ಮೇಲಿನ ಓದುಗರು ಒಂದು ಕ್ಷಣ ತಡವರಿಸಿದರೆ ತಡವರಿಸಲಿ.

ಈಗ ಆರನೆಯ ಪುಟಕ್ಕೆ ಬರುತ್ತೇನೆ. ‘ಅಪ್ಪ ಸೈಕಲ್ಲನ್ನು ಯಾವಾಗಲೂ ಮೂತಿ ಗೇಟಿನ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದರು, ನಾವು ಎಸೆದ ಚಪ್ಪಲಿಗಳನ್ನೂ ರಾತ್ರಿ ಹೊರಮುಖ ಮಾಡಿಡುತ್ತಿದ್ದರು’ ಎಂದು ಒಂದೇ ವಾಕ್ಯ ಬರೆದು, ಮತ್ತೆ ದೇಶಭಕ್ತಿಗೆ ಹೊರಳಿದ್ದೀರಿ. ನಾನು ಅಲ್ಲಿಂದ ಏಳಲಿಲ್ಲ. ಕರೆ ಬಂದೊಡನೆ ಹೊರಡಬೇಕಾದ ಲಾರಿಯನ್ನು ಹಿಂದೆ ಮುಂದೆ ಮಾಡುತ್ತ ಕೂರಲಾಗುವುದಿಲ್ಲ. ಆ ಚಾಲಕ ಊರಿಗೆ ಬಂದು ಮಕ್ಕಳ ಹವಾಯಿ ಚಪ್ಪಲಿಗಳನ್ನು ಸಾಲಾಗಿ ನಿಲ್ಲಿಸುತ್ತಾನೆ, ಬೆಳಿಗ್ಗೆ ಶಾಲೆಯ ಬಸ್ಸು ತಪ್ಪಬಾರದೆಂದು. ಇದನ್ನು ನಾನು ವಿವರಿಸಿದ ಹಾಗೆ ನೀವು ವಿವರಿಸಬೇಡಿ, ತೋರಿಸಿ ಸುಮ್ಮನಿರಿ. ಯಾರ ಚಪ್ಪಲಿ ಎಲ್ಲಿರುತ್ತಿತ್ತು, ಕರೆಂಟು ಹೋದ ಮಳೆಗಾಲದ ರಾತ್ರಿ ಟಾರ್ಚು ಯಾರು ಹಿಡಿಯುತ್ತಿದ್ದರು, ಹರಿದ ಬಾರಿಗೆ ಪಿನ್ನು ಹಾಕುತ್ತಿದ್ದವರು ಯಾರು, ಇವೆಲ್ಲ ಬೇಕು. ನವೆಂಬರಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಬ್ಯಾಂಕಿಗೆ ಹೋಗಿ, ತಾನು ಬದುಕಿದ್ದೇನೆಂದು ಪಿಂಚಣಿಯ ಕಾಗದಕ್ಕೆ ಸಹಿ ಹಾಕಿ, ಬರುವಾಗ ಗೋಳಿಬಜೆ ಕಟ್ಟಿಸಿಕೊಂಡು ಬರುತ್ತಿದ್ದರೆಂದು ಅರ್ಧ ಸಾಲು ಬರೆದಿದ್ದೀರಿ. ಅದಕ್ಕೂ ಒಂದು ಪುಟ ಕೊಡಿ.

ಇನ್ನೊಂದು ವಿಷಯವಂತೂ ಲೇಖನದಲ್ಲಿ ಇಲ್ಲವೇ ಇಲ್ಲ, ನನಗೆ ಬರೆದ ಪತ್ರದ ಕೊನೆಯಲ್ಲಿದೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಜಗಲಿಯ ಕೆಳಗೆ ರಾಶಿ ಬಿದ್ದಿದ್ದ ಚಪ್ಪಲಿಗಳನ್ನು ನಿಮ್ಮ ತಾಯಿ ಒಬ್ಬರೇ ಕುಳಿತು ಹೊರಮುಖ ಮಾಡುತ್ತಿದ್ದರಂತೆ. ಬಂದ ನೆಂಟರೊಬ್ಬರು ಒಳಗೆ ಹೋಗಿ ಕೂರಿ ಎಂದು ಗದರಿದರಂತೆ. ಅದಕ್ಕೆ ಅಮ್ಮ ಏನೆಂದರು? ಪತ್ರದಲ್ಲಿ ಬರೆದಿಲ್ಲ.

ಸಾವಿರ ಪದ ಮೀರದಂತೆ ಬರೆದು ಕಳುಹಿಸಿ, ಅವಸರವಿಲ್ಲ. ಪದಕದ ಫೋಟೊವನ್ನು ಇದರೊಂದಿಗೆ ವಾಪಸು ಇಟ್ಟಿದ್ದೇನೆ. ಹಿಂಬದಿಯಲ್ಲಿ ಅವರದೇ ಅಕ್ಷರ ಇರುವಂತಿದೆ, ಒದ್ದೆಯಾಗದಂತೆ ನೋಡಿಕೊಳ್ಳಿ.

ಇಂತಿ,
ಸಂಪಾದಕ